ಒಂಬತ್ತನೇ ನಂಬರಿನ ಎಡಗಣ್ಣು

ಕನ್ನಡಕದಂಗಡಿಯಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜವಾಗಿ ಅವಳು ಅತ್ತಿಗೆಯಾಗಿದ್ದುದು ಒಬ್ಬಳಿಗೆ ಮಾತ್ರ. ಅಂಗಡಿಯ ಹಿಂದಿನ ಕೋಣೆಯಲ್ಲಿ ಪಕ್ಕದಲ್ಲೇ ಕೂತು ಫ್ರೇಮಿಗೆ ಲೆನ್ಸ್ ಕೂರಿಸುವ ಅವಳ ಗಂಡನ ತಂಗಿಗೆ. ಆ ನಾದಿನಿ ದಿನಕ್ಕೆ ನೂರು ಸಲ ಅತ್ತಿಗೆ ಅತ್ತಿಗೆ ಎಂದು ಕೂಗಿ ಕೂಗಿ, ಅಜ್ಜನ ವಯಸ್ಸಿನ ಅಂಗಡಿ ಯಜಮಾನರ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು.

ಅತ್ತಿಗೆಯ ಕೆಲಸ ಲೆನ್ಸ್ ಉಜ್ಜುವುದು. ಅವಳ ಮೇಜು ಗೋಡೆಗೆ ಮುಖ ಮಾಡಿತ್ತು, ತಲೆಯ ಮೇಲೆ ಮಿಣಮಿಣ ಎನ್ನುವ ಟ್ಯೂಬ್‌ಲೈಟು. ಸಂಜೆ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಕಿಟಕಿ ಪಕ್ಕದ ಮೇಜಿನ ಹಿರಿಯರು ನಿವೃತ್ತರಾದಾಗ ಆ ಜಾಗ ತನ್ನದೇ ಎಂದುಕೊಂಡಿದ್ದಳು. ನಾದಿನಿಯೂ ಹಾಗೇ ಅಂದುಕೊಂಡಿದ್ದಳು. ಮುಂದಿನ ಕೌಂಟರಿನಲ್ಲಿ ಕೂರುವ, ಎಲ್ಲರೂ ಮಾಮ ಎನ್ನುವವನಿಗೂ ವಯಸ್ಸಾದ ಕಾಲದಲ್ಲಿ ಒಂದಿಷ್ಟು ಬಿಸಿಲು ಬೇಕಿತ್ತು. ಯಾರ ನಿಷ್ಠುರವೂ ಬೇಡವಾದ ಯಜಮಾನರು ಉಪಾಯ ಹುಡುಕಿದರು.

"ಹೆಂಗೂ ಫ್ಯಾಂಟಸಿ ಫುಟ್‌ಬಾಲ್ ಅಂತ ಪ್ರಾಣ ಬಿಡ್ತೀರಲ್ಲ, ಶನಿವಾರದ ಮ್ಯಾಚಲ್ಲಿ ಯಾರಿಗೆ ಜಾಸ್ತಿ ಪಾಯಿಂಟೋ ಅವರಿಗೆ ಕಿಟಕಿ!"

ಆ ಅಂಗಡಿಯ ಹುಚ್ಚೇ ಅದು. ಆಡುವ ಎರಡೂ ತಂಡಗಳಿಂದ ಹನ್ನೊಂದು ಜನರನ್ನು ಆರಿಸಿ ಫೋನಿನಲ್ಲಿ ತಮ್ಮದೇ ತಂಡ ಕಟ್ಟುವುದು. ಅವರು ಮೈದಾನದಲ್ಲಿ ಗೋಲು ಹೊಡೆದರೆ, ತಡೆದರೆ ಪಾಯಿಂಟು. ಕ್ಯಾಪ್ಟನ್ ಎಂದು ಗುರುತಿಸಿದವನಿಗೆ ದುಪ್ಪಟ್ಟು. ಆಟ ಶುರುವಾದ ಮೇಲೆ ಏನೂ ಬದಲಿಸುವಂತಿಲ್ಲ. ಇದರ ಮೇಲೆ ಅಂಗಡಿಯದೇ ಒಂದು ಕಟ್ಟಳೆ: ಮ್ಯಾಚಿಗೆ ಮೊದಲು ಪ್ರತಿಯೊಬ್ಬರೂ ಸ್ಟೂಲಿನ ಮೇಲೆ ನಿಂತು ತಮ್ಮ ಲೆಕ್ಕಾಚಾರ ಹೇಳಬೇಕು.

ಶನಿವಾರ ಬಂದರಿನ ತಂಡಕ್ಕೂ ಗಿರಣಿ ತಂಡಕ್ಕೂ ಮ್ಯಾಚು. ಮಧ್ಯಾಹ್ನಕ್ಕೇ ಅಂಗಡಿಯ ಬಾಗಿಲು ಎಳೆದಾಯಿತು. ಅತ್ತಿಗೆ ಸ್ಟೂಲು ಹತ್ತಿದಳು.

"ಬಂದರಿನ ಒಂಬತ್ತನೇ ನಂಬರನ್ನ ಯಾರೂ ತಗೋಬೇಡಿ. ಎಡಗಡೆಯಿಂದ ಚೆಂಡು ಬಂದಾಗ ಅವನು ಹೆಂಗೆ ಗಲ್ಲ ಎತ್ತಿ, ಇಡೀ ತಲೆ ತಿರುಗಿಸ್ತಾನೆ ನೋಡಿದೀರಾ? ಬೋರ್ಡಿನ ಅಕ್ಷರ ಕಾಣದೆ ಇರೋರು ಥೇಟ್ ಹಂಗೇ ಮಾಡೋದು. ಎಡಗಣ್ಣಿಗೆ ದೂರದ್ದು ಕಾಣ್ತಿಲ್ಲ ಅವನಿಗೆ!"

"ಅಷ್ಟು ದೊಡ್ಡ ಕ್ಲಬ್ಬಲ್ಲಿ ಒಬ್ಬ ಕಣ್ಣಿನ ಡಾಕ್ಟರಿಲ್ವಾ?" ಎಂದ ಮಾಮ.

"ನಿಮ್ಮ ಕೌಂಟರಿಗೆ ಬರೋರಲ್ಲಿ ಎಷ್ಟು ಜನ ತಮಗೆ ಕಾಣಲ್ಲ ಅಂತ ಒಪ್ಕೊಂಡಿದಾರೆ, ಹೇಳಿ. ಬಂದರಿನವರ ಬಲಗಡೆ ಓಡೋನಿಗೆ ಕಾಲಿಗೆ ಪೆಟ್ಟಾಗಿದೆ. ಇವತ್ತು ಚೆಂಡೆಲ್ಲ ಎಡದಿಂದಲೇ ಬರೋದು. ಗಿರಣಿಯ ಗೋಲ್‌ಕೀಪರ್‌ಗೆ ಹಬ್ಬ. ಅವನೇ ಕ್ಯಾಪ್ಟನ್!"

ಉಳಿದ ಹತ್ತು ಹೆಸರನ್ನೂ ಒಂದೊಂದಾಗಿ ಓದಿ ಹೇಳಿದಳು. ಚಪ್ಪಾಳೆ ಬಿತ್ತು. ಅತ್ತಿಗೆ ಉಬ್ಬಿಹೋಗಿ ಕೆಳಗಿಳಿದಳು. ಇಳಿದು ನೋಡಿದರೆ ನಾದಿನಿಯೂ ಮಾಮನೂ ತಲೆ ತಗ್ಗಿಸಿ ಫೋನು ಒತ್ತುತ್ತಿದ್ದಾರೆ. ಅವಳು ಹೇಳಿದ ಹನ್ನೊಂದನ್ನೂ ಇಳಿಸಿಕೊಳ್ಳುತ್ತಿದ್ದಾರೆ!

ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ, ಎಂದುಕೊಂಡಳು. ಎಲ್ಲರದೂ ಒಂದೇ ತಂಡವಾದರೆ ಎಲ್ಲರಿಗೂ ಒಂದೇ ಪಾಯಿಂಟು. ಕಿಟಕಿ ಯಾರಿಗೆ? ಗೆಲ್ಲಬೇಕಾದರೆ ಬೇರೆ ದಾರಿ ಹಿಡಿಯಬೇಕು. ಹಾಗೆ ನೋಡಿದರೆ ಟಿವಿಯಲ್ಲಿ ಕಂಡ ಒಂದು ಗಲ್ಲದ ಮೇಲೆ ಇಷ್ಟು ದೊಡ್ಡ ತೀರ್ಪು ಕೊಡಲು ಅವಳೇನು ಪರೀಕ್ಷೆ ಮಾಡಿ ಬಂದಿದ್ದಳೇ? ಅನುಮಾನದ ಹುಳ ಹೊಕ್ಕಿತು. ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ಗೋಲ್‌ಕೀಪರನ್ನು ತೆಗೆದುಹಾಕಿ ಒಂಬತ್ತನೇ ನಂಬರನ್ನು ಕ್ಯಾಪ್ಟನ್ ಮಾಡಿದಳು. ಏನೂ ಆಗದವಳಂತೆ ಬಂದು ಟಿವಿಯ ಮುಂದೆ ಕೂತಳು.

ಆಟ ಶುರುವಾಯಿತು. ಚೆಂಡು ಎಡದಿಂದಲೇ ಬಂತು. ಒಂಬತ್ತನೇ ನಂಬರು ಗಲ್ಲ ಎತ್ತಿ ತಲೆ ತಿರುಗಿಸುವಷ್ಟರಲ್ಲಿ ಅದು ದಾಟಿ ಹೋಗಿತ್ತು.

"ಎಡಗಣ್ಣು!" ಎಂದು ಮಾಮ ಕುಣಿದಾಡಿದ. ಯಜಮಾನರು ಅವಳ ಬೆನ್ನು ತಟ್ಟಿದರು. ಇನ್ನೊಂದು ಬಂತು, ಅದೂ ಹೋಯಿತು. ಮತ್ತೊಂದನ್ನು ಗೋಲ್‌ಕೀಪರ್ ಆರಾಮವಾಗಿ ಹಿಡಿದ. ಬೆನ್ನು ತಟ್ಟಿಸಿಕೊಂಡಷ್ಟೂ ಅತ್ತಿಗೆಯ ಮುಖ ಇಳಿಯುತ್ತಾ ಹೋಯಿತು. ತನ್ನ ಮಾತು ಇಷ್ಟು ಚೆನ್ನಾಗಿ ನಿಜವಾಗುವುದನ್ನು ನೋಡಿ ಇಷ್ಟು ಸಂಕಟಪಟ್ಟವರು ಬೇರಾರೂ ಇರಲಿಕ್ಕಿಲ್ಲ.

ಕೊನೆಯಲ್ಲಿ ಬಂದರಿನವರಿಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ಬಂದವನು ಒಂಬತ್ತನೇ ನಂಬರು. ಚೆಂಡು ಅವನ ಮೂಗಿನ ನೇರಕ್ಕೇ ಇದೆ, ಯಾವ ಕಣ್ಣಿನ ತಂಟೆಯೂ ಇಲ್ಲ. ಅತ್ತಿಗೆ ಕಂಡ ಕಂಡ ದೇವರನ್ನೆಲ್ಲ ನೆನೆದಳು. ಅವನು ಒದ್ದ, ಗೋಲ್‌ಕೀಪರ್ ಹಾರಿ ತಡೆದ. ನಾದಿನಿ ಕಿರುಚಿದ ಕೂಗಿಗೆ ಕಪಾಟಿನ ಫ್ರೇಮುಗಳೆಲ್ಲ ಅಲುಗಾಡಿದವು.

ಯಜಮಾನರು ಪಾಯಿಂಟು ಓದಿದರು. ನಾದಿನಿ ಮೊದಲು. ಕೊನೆ ಗಳಿಗೆಯಲ್ಲಿ ಆಸೆಗೆ ಬಿದ್ದು ತನ್ನ ಮೆಚ್ಚಿನ ಬ್ಯಾಕ್ ಆಟಗಾರನನ್ನು ಕ್ಯಾಪ್ಟನ್ ಮಾಡಿದ್ದ ಮಾಮ ಎರಡನೆಯವನು. "ಎಲ್ಲರಿಗಿಂತ ಕೆಳಗೆ... ಅತ್ತಿಗೆ?" ಎಂದು ಕನ್ನಡಕ ಒರೆಸಿ ಮತ್ತೆ ನೋಡಿದರು.

ನಾದಿನಿ ಅತ್ತಿಗೆಯ ಫೋನು ಕಸಿದುಕೊಂಡಳು. "ಏನೇ ಇದು? ಒಂಬತ್ತನೇ ನಂಬರನ್ನ ಕ್ಯಾಪ್ಟನ್ ಮಾಡಿದೀಯಾ?"

ಅಂಗಡಿಯಲ್ಲಿ ಎದ್ದ ನಗು ನಿಲ್ಲಲೇ ಇಲ್ಲ. ಮಾಮ ಕೌಂಟರಿನ ಮೇಲೆ ತಲೆಯಿಟ್ಟು ನಕ್ಕ. ಅತ್ತಿಗೆ ನಾಚಿ ನೀರಾದಳು.

"ನೀವೆಲ್ಲ ನನ್ನದನ್ನೇ ಹಾಕ್ಕೊಂಡ್ರಲ್ಲ, ನಾನೇನು ಮಾಡ್ಲಿ? ನೀನ್ಯಾಕೆ ಒಂದೂ ಬದಲಾಯಿಸಲಿಲ್ಲ, ಮಹರಾಯ್ತಿ? ಕಿಟಕಿ ಬೇಡವಾಗಿತ್ತಾ?"

ನಾದಿನಿ ಕಣ್ಣೊರೆಸಿಕೊಂಡು ಅವಳನ್ನೇ ನೋಡಿದಳು. "ಹೊರಗಿಂದ ಬರೋ ಲೆನ್ಸನ್ನ ಎರಡೆರಡು ಸಲ ಅಳೆದು ಕೂರಿಸ್ತೀನಿ. ನೀನು ಉಜ್ಜಿದ್ದನ್ನ ಯಾವತ್ತಾದ್ರೂ ಅಳೆದಿದ್ದು ನೋಡಿದೀಯಾ? ನಿನಗೆ ಕಂಡಿದೆ ಅಂದ್ರೆ ಇದೆ, ಅಷ್ಟೇ."

ಅಕ್ಕಪಕ್ಕ ಕೂತು ಜಗಳ ಆಡಿದ ಇಷ್ಟು ಕಾಲದಲ್ಲಿ ಅವಳು ಈ ಮಾತು ಒಮ್ಮೆಯೂ ಆಡಿರಲಿಲ್ಲ. ಕಿಟಕಿ ಹೋಯಿತಲ್ಲ ಎಂದು ಅತ್ತಿಗೆಗೆ ಹೊಟ್ಟೆ ಉರಿಯುತ್ತಲೇ ಇತ್ತು, ಅದರ ಜೊತೆಗೇ ಕುಣಿಯುವಷ್ಟು ಖುಷಿಯೂ ಆಗುತ್ತಿತ್ತು.

"ಬೇಕಾದ್ರೆ ನೀನೇ ಕೂತ್ಕೋ ಅಲ್ಲಿ," ಎಂದಳು ನಾದಿನಿ.

"ಸುಮ್ನಿರು. ಗೆದ್ದಿದ್ದು ನೀನು," ಎಂದು ಅತ್ತಿಗೆ ಗದರಿದಳು. ನಾದಿನಿಯ ಸ್ಕ್ರೂಡ್ರೈವರ್ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋಗಿ ಕಿಟಕಿಯ ಮೇಜಿನ ಮೇಲಿಟ್ಟಳು.