ಸರಳಿಗೆ ಸವರಿದ ಪುಡಿ

ನೆಲ ಒರೆಸುವ ಬಟ್ಟೆ ಒದ್ದೆಯಿತ್ತೋ ಒಣಗಿತ್ತೋ ಎಂಬ ಘನಗಂಭೀರ ಪ್ರಶ್ನೆಯನ್ನು ಇತ್ಯರ್ಥಪಡಿಸಲು ಪುಯೆರ್ತೊ ಗ್ವಾಸಿಮೊ ಎಂಬ ಊರಿನ ಆಸ್ಪತ್ರೆಯಲ್ಲಿ ಸೋಮವಾರ ಐವರ ಸಮಿತಿ ಎರಡು ಗಂಟೆ ಕಾಲ ಕೂತಿತು. ಒದ್ದೆಯಿತ್ತು ಎಂದು ತೀರ್ಮಾನವಾಯಿತು. ಆ ತಿಂಗಳು ಆಪರೇಷನ್ ಆದ ಏಳು ಜನರ ಹೊಲಿಗೆ ಕೀವುಗಟ್ಟಿತ್ತು. ಕಾರಣವೊಂದು ಬೇಕಿತ್ತು, ಬಟ್ಟೆ ಕೈಗೆ ಸಿಕ್ಕಿತು. ಬಟ್ಟೆ ನೊಎಮಿಯದು. ಹತ್ತೊಂಬತ್ತು ವರ್ಷ ಅಲ್ಲಿನ ನೆಲ ಒರೆಸಿದವಳನ್ನು ಶುಕ್ರವಾರ ಕೆಲಸದಿಂದ ತೆಗೆಯುವುದೆಂದಾಯಿತು.

"ಅಷ್ಟರೊಳಗೆ ಬೇರೆ ಕಾರಣ ಸಿಕ್ಕಿದ್ರೆ?" ಎಂದಳು ಯೊಲಿಮಾ. ಸೋಂಕು ತಡೆಯುವ ಹೊಣೆ ಹೊತ್ತ ನರ್ಸ್ ಅವಳು. ಆ ಊರಿನಲ್ಲಿ ನರ್ಸುಗಳೆಲ್ಲ 'ಹೆಫೆ', ಅಂದರೆ ಯಜಮಾನರು. ಅವರ ಮಾತು ಕೇಳುವವರು ಮಾತ್ರ ಯಾರೂ ಇಲ್ಲ.

"ಹುಡುಕಿ ಹೆಫೆ," ಎಂದರು ಸರ್ಜನ್ ಉರ್ರೆಗೊ. "ನನ್ನ ಕೈಯಲ್ಲಂತೂ ಸಿಗಲ್ಲ. ಐದು ನಿಮಿಷ ಉಜ್ತೀನಿ. ಮನೇಲಿ ಪಾತ್ರೆನೂ ಅಷ್ಟು ಉಜ್ಜಲ್ಲ."

"ಪಾತ್ರೆ ಉಜ್ಜೋದೂ ನೀವೇ ಅಂತ ಕೇಳಿದ್ದೆ, ಡಾಕ್ಟ್ರೇ."

ಹೊರಗೆ ನೊಎಮಿ ಬಕೆಟ್ ಹಿಡಿದು ನಿಂತಿದ್ದಳು. "ಬಟ್ಟೆ ತಪ್ಪು ಮಾಡಿದ್ರೆ ಬಟ್ಟೆನ ಮನೆಗೆ ಕಳ್ಸಿ ಅಂತ ಹೇಳಿ ಹೆಫೆ. ನನ್ನ ಪಿಂಚಣಿಗೆ ಇನ್ನು ಹನ್ನೊಂದೇ ತಿಂಗಳು."

ಯೊಲಿಮಾಳ ಬಳಿ ಒಂದು ಪುಡಿಯಿತ್ತು. ಮುಟ್ಟಿದ ಕೈಗೆಲ್ಲ ಅಂಟುತ್ತದೆ, ಬರಿಗಣ್ಣಿಗೆ ಕಾಣದು, ನೇರಳೆ ದೀಪ ಹಿಡಿದರೆ ಹಸಿರಾಗಿ ಹೊಳೆಯುತ್ತದೆ. ಗುರುವಾರ ಬೆಳಗ್ಗೆ ಗ್ಲೌಸ್ ತೊಟ್ಟು, ಎಲ್ಲರಿಗಿಂತ ಹೆಚ್ಚು ಕೀವಾಗಿದ್ದ ರೋಗಿಯ, ಅಂದರೆ ನಾಲ್ಕನೇ ಹಾಸಿಗೆಯ, ಪಕ್ಕದ ಸರಳಿಗೆ ಅದನ್ನು ಸವರಿದಳು. ಯಾರಿಗೂ ಹೇಳಲಿಲ್ಲ. ಎಂಟಕ್ಕೆ, ಮೊದಲ ಆಪರೇಷನ್ನಿಗೆ ಮುಂಚೆ, ಥಿಯೇಟರಿನ ದೀಪ ಆರಿಸಿ ನೇರಳೆ ದೀಪ ಹೊತ್ತಿಸಿದಳು.

"ಮೊದ್ಲು ಆ ಬಟ್ಟೆ ನೋಡಿ," ಎಂದರು ಉರ್ರೆಗೊ.

ಬಟ್ಟೆಯ ಮೇಲೆ ಏನೂ ಇರಲಿಲ್ಲ. ದೀಪ ಅವರತ್ತ ತಿರುಗಿತು. ಐದು ನಿಮಿಷ ಉಜ್ಜಿದ, ಇನ್ನೂ ಗ್ಲೌಸ್ ತೊಡದ ಬಲಗೈಯ ಎರಡು ಬೆರಳು ಹಸಿರಾಗಿ ಹೊಳೆದವು.

ಯೊಲಿಮಾ ದೀಪವನ್ನು ಇನ್ನಷ್ಟು ಹತ್ತಿರ ಹಿಡಿದಳು.

"ನಾಲ್ಕನೇ ಹಾಸಿಗೆ ಹತ್ರ ಹೋಗಿದ್ರಾ?"

"ಇಲ್ಲ. ಮನೆಯಿಂದ ಸೀದಾ ಬಂದೆ. ಕೈ ತೊಳ್ದೆ. ಒಳಗೆ ಬಂದೆ."

"ನಡುವೆ?"

"ನಡುವೆ ಏನಿದೆ..." ಎಂದವರು ಅಲ್ಲಿಗೇ ನಿಂತರು.

ಕೈ ತೊಳೆಯುವ ಜಾಗಕ್ಕೂ ಥಿಯೇಟರಿಗೂ ನಡುವೆ ಕಾರಿಡಾರ್ ಇತ್ತು. ಅದರ ಗೋಡೆಯ ಗೂಡಿನಲ್ಲಿ ಗುಲಾಬಿ ಅಂಗಿಯ ಬಾಲಯೇಸುವಿನ ವಿಗ್ರಹ. ಕತ್ತಿ ಹಿಡಿಯುವ ಮುನ್ನ ಅವನ ಪಾದ ಮುಟ್ಟದೆ ಒಳಗೆ ಹೋಗುವ ಡಾಕ್ಟರು ಆ ಆಸ್ಪತ್ರೆಯಲ್ಲಿರಲಿಲ್ಲ. ಅದನ್ನು ಮುಟ್ಟುವುದೆಂದು ಯಾರೂ ಎಣಿಸಿಯೂ ಇರಲಿಲ್ಲ. ಯೊಲಿಮಾ ದೀಪ ಹಿಡಿದಳು. ಪಾದ ಕಣಕಾಲಿನವರೆಗೆ ಹಸಿರಾಗಿ ಉರಿಯುತ್ತಿತ್ತು. ಪಕ್ಕದ ಬೆಂಚಿನಲ್ಲಿ ನಾಲ್ಕನೇ ಹಾಸಿಗೆಯವನ ತಾಯಿ ಜಪಮಾಲೆ ಹಿಡಿದು ಕೂತಿದ್ದಳು. ಅವಳ ಅಂಗೈಯೂ ಹಾಗೆಯೇ.

"ಮಗನ ಹಾಸಿಗೆ ಸರಳು ಹಿಡ್ಕೊಂಡು ಎದ್ದೋಳು ದಿನಾ ಇವನ ಕಾಲು ಹಿಡೀತೀನಿ," ಎಂದಳಾಕೆ. "ತಪ್ಪಾ ತಾಯಿ?"

ಹಿಂದೆಯೇ ಬಂದಿದ್ದ ನೊಎಮಿ ಮೆಲ್ಲಗೆ ಯೊಲಿಮಾಳ ತೋಳು ಹಿಡಿದಳು. "ಹೆಫೆ, ನಿಮ್ಮ ತುಟಿ."

ಯೊಲಿಮಾ ದೀಪವನ್ನು ತನ್ನತ್ತ ತಿರುಗಿಸಿ ಗಾಜಿನ ಬಾಗಿಲಲ್ಲಿ ನೋಡಿಕೊಂಡಳು. ತುಟಿ ಹಸಿರು. ಬೆರಳ ತುದಿ ಹಸಿರು. ದಿನವೂ ಕೈ ತೊಳೆದು, ಆ ಪಾದ ಮುಟ್ಟಿ, ಬೆರಳಿಗೆ ಮುತ್ತಿಟ್ಟು, ಗಾಯ ಕಟ್ಟಲು ವಾರ್ಡಿಗೆ ಹೋಗುವವಳು ಅವಳೇ. ಏಳು ಜನರ ಪಟ್ಟಿ ಬಿಚ್ಚಿ ಕಟ್ಟಿದ್ದೂ ಅವಳೇ. ಅವಳಿಗೆ ಕೂರಬೇಕೆನಿಸಿತು, ಬೆಂಚು ಮುಟ್ಟಲು ಧೈರ್ಯವಾಗಲಿಲ್ಲ.

"ವರದಿಯಲ್ಲಿ ದೇವರನ್ನ ಎಳೀಬೇಡಿ," ಎಂದರು ಉರ್ರೆಗೊ, ದನಿ ತಗ್ಗಿಸಿ. "ನನ್ನನ್ನೂ. ಒದ್ದೆ ಬಟ್ಟೆ ಅಂತಲೇ ಇರ್ಲಿ. ಯಾರಿಗೂ ತೊಂದ್ರೆ ಇಲ್ಲ."

"ನೊಎಮಿಗೆ?"

ಉರ್ರೆಗೊ ಮತ್ತೆ ಕೈ ತೊಳೆಯಲು ಹೊರಟರು. ಯೊಲಿಮಾ ಸಂಜೆಯೊಳಗೆ ವರದಿ ಬರೆದಳು. ತೊಳೆದ ಕೈಯಲ್ಲಿ ವಿಗ್ರಹ ಮುಟ್ಟಿದವರ ಪಟ್ಟಿಯಲ್ಲಿ ಮೊದಲ ಹೆಸರು ತನ್ನದು, ಎರಡನೆಯದು ಉರ್ರೆಗೊ ಅವರದು.

ಶುಕ್ರವಾರ ನೊಎಮಿಯ ಕೆಲಸ ಉಳಿಯಿತು. ಯೊಲಿಮಾಳನ್ನು ಸೋಂಕು ತಡೆಯುವ ಹೊಣೆಯಿಂದ ಬಿಡಿಸಿ ಲಸಿಕೆ ಕೋಣೆಗೆ ಹಾಕಿದರು.