ನಗರಸಭೆಗೆ ಬೆನ್ನು ಹಾಕಿ ನಿಂತವನು

ಅಂಗಡಿಯೆಂದರೆ ಮೂಗು ಮುರಿಯುವ ನನ್ನ ಗಂಡ, ಈ ಊರಿಗೆ ಕಾಲಿಟ್ಟ ಕೂಡಲೇ ನೆನಪಿಗೆ ಏನಾದರೂ ಕೊಳ್ಳಲೇಬೇಕು ಎಂದು ಹಟ ಹಿಡಿದಾಗಲೇ ನನ್ನ ತಲೆಗೆ ಹುಳ ಹೊಕ್ಕಿತು. ಮನೆಯಲ್ಲಿ ನನ್ನ ಹೊಲಿಗೆಗೆ ನಾಲ್ಕು ಗುಂಡಿ ತಂದುಕೊಡಿ ಎಂದರೆ ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡುವ ಮಹಾರಾಯರು, ಇಲ್ಲಿ ಚೌಕದ ಸುತ್ತಲಿನ ಒಂದು ಅಂಗಡಿಯನ್ನೂ ಬಿಡಲಿಲ್ಲ. ಕೀಲಿಗೊಂಚಲು ಎತ್ತಿ ನೋಡುವುದು, ಚಹಾ ಕಪ್ಪು ಎತ್ತಿ ನೋಡುವುದು, ಕೊಳ್ಳುವುದು ಮಾತ್ರ ಇಲ್ಲ. ನಾನು ಅತ್ತ ತಿರುಗಿದರೆ ಸಾಕು, ಅಂಗಡಿಯವರ ಹತ್ತಿರ ಏನೋ ಪಿಸುಪಿಸು.

"ಏನ್ರೀ ಅದು?"

"ಏನಿಲ್ಲ, ರೇಟ್ ಕೇಳ್ತಿದ್ದೆ."

ರೇಟ್ ಕೇಳಲು ಕಿವಿಯಲ್ಲಿ ಬಾಯಿಡಬೇಕೇ?

ಈ ಊರು ಅವರಿಗೆ ಹೊಸದಲ್ಲ. ನಮ್ಮ ಮದುವೆಗೆ ಮೊದಲೇ ನನ್ನ ಮೈದುನ ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟಿದ್ದ. ನಾನು ಅವನ ಮುಖ ಕಂಡವಳಲ್ಲ. ಮದುವೆಯಾದ ವರ್ಷ, ಅವನು ಈ ಊರಲ್ಲಿದ್ದಾನೆಂಬ ಸುದ್ದಿ ಕೇಳಿ ಹುಡುಕುತ್ತೇನೆಂದು ಬಂದ ಇವರು ಮೂರು ತಿಂಗಳು ಇಲ್ಲೇ ಉಳಿದಿದ್ದರು. ಬರಿಗೈಯಲ್ಲಿ ವಾಪಸಾದರು. ಆ ಮೂರು ತಿಂಗಳ ಮಾತೆತ್ತಿದರೆ ಬಾಯಿಗೆ ಬೀಗ. ತಮ್ಮನನ್ನೇ ಹುಡುಕಿದರೋ, ಇನ್ಯಾರನ್ನಾದರೂ ಕಂಡುಕೊಂಡರೋ, ಯಾರಿಗೆ ಗೊತ್ತು? ಇಷ್ಟು ವರ್ಷ ಆ ಪ್ರಶ್ನೆ ನನ್ನ ಹೊಟ್ಟೆಯಲ್ಲೇ ಕುದಿಯುತ್ತಿತ್ತು.

ಚೌಕದ ನಡುವೆ, ಈಚೆಗಷ್ಟೇ ತಂದು ನಿಲ್ಲಿಸಿದ, ಊರಿಗೆಲ್ಲ ರಂಪ ತಂದ ಪ್ರತಿಮೆ. ಒಂದೂವರೆ ಆಳೆತ್ತರದ ಕಂಚಿನ ಗಂಡಸು, ಮೈಮೇಲೆ ಒಂದು ನೂಲೆಳೆ ಇಲ್ಲ. ಮುಖಕ್ಕೆ ಕಣ್ಣು ಮೂಗು ಏನೂ ಮಾಡಿಲ್ಲವಂತೆ, ನುಣ್ಣಗಿದೆಯಂತೆ. ಅಂಡನ್ನು ನೇರವಾಗಿ ನಗರಸಭೆಯ ಬಾಗಿಲಿಗೆ ತೋರಿಸಿಕೊಂಡು ನಿಂತಿದ್ದಾನೆ. ತೆಗೆಸಿ ಎಂದು ಅರ್ಧ ಊರು, ಇರಲಿ ಎಂದು ಉಳಿದರ್ಧ. ಅಂಗಡಿಗಳಲ್ಲಂತೂ ಅದೇ ಅಂಡು ಕೀಲಿಗೊಂಚಲಾಗಿ, ಪೇಪರ್‌ವೇಟಾಗಿ ಸಾಲುಗಟ್ಟಿ ಕೂತಿತ್ತು. ಮರ್ಯಾದಸ್ಥೆಯಾದ ನಾನು ಮುಂದಿನ ಬದಿಗೆ ಹೋಗದೆ, ನಗರಸಭೆಯ ಮೆಟ್ಟಿಲ ಮೇಲೆ ಕೂತು ಇವರ ದಾರಿ ಕಾಯುತ್ತಿದ್ದೆ.

ಬೇಡ ಬೇಡವೆಂದರೂ ಕಣ್ಣು ಅತ್ತ ಹೋಯಿತು. ಹೋದದ್ದು ಅಲ್ಲೇ ಅಂಟಿಕೊಂಡಿತು. ಅಂಡಿಗಲ್ಲ, ಭುಜಕ್ಕೆ. ಒಂದು ಭುಜ ಎರಡು ಬೆರಳಿನಷ್ಟು ಕೆಳಗಿಳಿದಿತ್ತು. ಅಂಥ ಭುಜ ನನಗೆ ಗೊತ್ತು. ಇವರ ಪ್ರತಿ ಅಂಗಿಗೂ ಎದುರು ನಿಂತು ಗುಂಡುಸೂಜಿ ಚುಚ್ಚಿ ಅಳತೆ ನೋಡುವವಳು ನಾನೇ. ಇಳಿದ ಬದಿ ನನ್ನ ಬಲಗೈಗೇ ಬರುತ್ತದೆ. ಇಲ್ಲೂ ನನ್ನ ಬಲಕ್ಕೇ ಇತ್ತು.

ಎದ್ದು ಹೋಗಿ ಪೀಠದ ಹಿಂಬದಿಯ ಫಲಕ ಓದಿದೆ. ಮಾಡಿದವಳು ಹೆಂಗಸು. ಮಾಡಿದ ವರ್ಷ ಅದೇ, ನಮ್ಮ ಮದುವೆಯ ವರ್ಷ. ಮೂರು ತಿಂಗಳು ತಮ್ಮನನ್ನು ಹುಡುಕಿದ್ದು ಹೀಗೋ! ಇವತ್ತೇ ಒಬ್ಬಳೇ ಬಸ್ಸು ಹತ್ತುತ್ತೇನೆ, ಇವರ ಮನೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದು ತೀರ್ಮಾನಿಸಿಬಿಟ್ಟೆ.

ಅಷ್ಟರಲ್ಲಿ ಇವರು ಕೊನೆಯ ಅಂಗಡಿಯಿಂದ ಪೊಟ್ಟಣವೊಂದನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಬಂದರು.

"ಯಾರ್ರೀ ಅವಳು?"

"ಯಾವಳು?"

"ನಿಮ್ಮ ಬಟ್ಟೆ ಬಿಚ್ಚಿಸಿ ಇಲ್ಲಿ ನಿಲ್ಲಿಸಿದವಳು! ಆ ಭುಜ ನಿಮ್ಮದಲ್ಲ ಅಂತ ನನ್ನ ಮುಖ ನೋಡಿ ಹೇಳಿ."

ಇವರು ಪ್ರತಿಮೆಯನ್ನು ನೋಡಿದರು, ನನ್ನನ್ನು ನೋಡಿದರು. ನಗಲು ಹೋದರು, ನಗು ಅರ್ಧಕ್ಕೇ ನಿಂತಿತು. ನನ್ನ ಕೈ ಹಿಡಿದು ಮುಂದಿನ ಬದಿಗೆ ಎಳೆದುಕೊಂಡು ಹೋದರು.

"ಥೂ, ಬಿಡ್ರೀ!"

"ಭುಜ ಮಾತ್ರ ನೋಡೇ, ಮಾರಾಯ್ತಿ. ನಂದು ಯಾವ ಕಡೆ ಇಳಿದಿರೋದು?"

"ಎಡ."

"ಇವನದು?"

ಎದುರಿನಿಂದ ನೋಡಿದರೆ ಇಳಿದ ಭುಜ ನನ್ನ ಎಡಕ್ಕೆ ಬಂದಿತ್ತು. ಇದು ಬಲಭುಜ. ಗಂಡನನ್ನು ಎದುರಿನಿಂದ ಅಳೆಯುವವಳು ಇವನನ್ನು ಬೆನ್ನಿನಿಂದ ಅಳೆದು ಮೋಸಹೋಗಿದ್ದೆ.

"ಅಪ್ಪನ ಅಂಗಡಿಯ ಬೀರು, ಮಂಚ ಎಲ್ಲ ಕೋಲಿಗೆ ಕಟ್ಟಿ ನಾನೂ ತಮ್ಮನೂ ಇಬ್ಬರೇ ಹೊರ್ತಿದ್ವಿ," ಎಂದರು ಇವರು. "ನಾನು ಮುಂದೆ, ಎಡ ಹೆಗಲು. ಅವನು ಹಿಂದೆ, ಬಲ ಹೆಗಲು. ಚಿಕ್ಕವರಿದ್ದಾಗಿಂದ. ಹೋದ ತಿಂಗಳು ಪೇಪರಲ್ಲಿ ಈ ಗಲಾಟೆಯ ಫೋಟೊ ಬಂದಿತ್ತಲ್ಲ, ನೋಡಿದ ತಕ್ಷಣ ಇವನು ಅವನೇ ಅನ್ನಿಸ್ತು ಕಣೇ."

"ನನಗೆ ಹೇಳೋಕೆ ಏನಾಗಿತ್ತು?"

"ಹೇಗೆ ಹೇಳ್ಲಿ? ಆಗ ಮೂರು ತಿಂಗಳು ಬೀದಿ ಬೀದಿ ಅಲೆದು ಅವನನ್ನ ಹಿಡಿಯೋಕಾಗಲಿಲ್ಲ. ಈಗ ಇದೂ ಸುಳ್ಳಾದರೆ, ಅಮ್ಮನಿಗೆ ಇನ್ನೊಂದು ಸಲ ಆಸೆ ತೋರಿಸಿ ಕಿತ್ಕೊಂಡ ಹಾಗಾಗುತ್ತೆ. ಅಂಗಡಿಯವರನ್ನೆಲ್ಲ ಕೇಳ್ದೆ. ಕೊನೆಯ ಅಂಗಡಿಯ ಅಜ್ಜಿಗೆ ಇದಕ್ಕೆ ನಿಂತವನ ನೆನಪಿದೆ. ಸಾಮಾನು ಹೊರೋ ಹುಡುಗ, ಮಾತೇ ಆಡ್ತಿರಲಿಲ್ಲವಂತೆ. ಆಮೇಲೆ ಎಲ್ಲಿಗೆ ಹೋದನೋ ಅವಳಿಗೂ ಗೊತ್ತಿಲ್ಲ."

ಇವರು ಪೊಟ್ಟಣ ಬಿಚ್ಚಿದರು. ಗೇಣುದ್ದದ ಪ್ರತಿಮೆ, ತಲೆಯಿಂದ ಕಾಲವರೆಗೂ ಅದೇ ರೂಪ.

"ಅಮ್ಮನ ಕೈಗೆ ಕೊಡ್ತೀನಿ. ದಿನಾ ಸಂಜೆ ನಮ್ಮಿಬ್ಬರ ಭುಜಕ್ಕೆ ಎಣ್ಣೆ ತಿಕ್ಕಿದವಳು ಅವಳೇ. ಮುಟ್ಟಿ ನೋಡಿ, ಹೌದೋ ಅಲ್ಲವೋ ಅವಳೇ ಹೇಳ್ಲಿ." ಆಮೇಲೆ ದನಿ ತಗ್ಗಿಸಿ, "ಆದರೆ ಹೀಗೆ ಬರಿಮೈಯಲ್ಲಿ ಹೇಗೆ ಕೊಡ್ಲಿ? ನೀನೊಂದು ಅಂಗಿ, ಚಡ್ಡಿ ಹೊಲಿದುಕೊಡ್ತೀಯಾ?" ಎಂದರು.

ಅದನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಬೆನ್ನಗಲ ಅಳೆದೆ. ಗಂಡನ ಅಂಗಿಗಾದರೆ ಇಳಿದ ಭುಜದೊಳಗೆ ದಪ್ಪ ಪಟ್ಟಿ ಇಟ್ಟು ಓರೆಯನ್ನು ಮುಚ್ಚುತ್ತೇನೆ. ಇವನಿಗೆ ಪಟ್ಟಿ ಇಡಬಾರದು, ತೆಳು ಬಟ್ಟೆಯೇ ಬೇಕು. ಬಟ್ಟೆಯ ಮೇಲಿಂದಲೂ ಅತ್ತೆಯ ಕೈಗೆ ಆ ಭುಜ ಸಿಗಬೇಕು.