ಕುಶಾಲಪ್ಪನವರ ಕಾರ್ಡು

ಉತ್ತರಕ್ರಿಯೆಗೆ ಬಂದವರೆಲ್ಲ ಹಿಂದಿನ ದಿನವೇ ಹೊರಟಿದ್ದರು. ಬೆಳಿಗ್ಗೆ ಹಾಲಿನವನು ಬಂದ. ಅತ್ತೆ ದೋಸೆ ಹೊಯ್ದರು. ತಿಂದೆ. ರುಚಿ ತಿಳಿಯಲಿಲ್ಲ.

ಆಮೇಲೆ ಕುಶಾಲಪ್ಪ ಬಂದರು. ಸುಳ್ಯದಿಂದ ಸಂಪಾಜೆಯವರೆಗೆ ಕೇಬಲ್ ಟಿವಿ ಅವರದು. ನನ್ನ ಗಂಡ ಭವಿತ್ ಅವರಲ್ಲಿ ಕೆಲಸಕ್ಕಿದ್ದ. ಕೇಬಲ್ ಸರಿಪಡಿಸಲು ವಿದ್ಯುತ್ ಕಂಬ ಹತ್ತಿದಾಗ ಕರೆಂಟು ಹೊಡೆದು ಸತ್ತ.

“ಎಂತ ಮಾಡುದು ಯಶಸ್ವಿ. ಅವತ್ತು ಅವ ರಜೆಯಲ್ಲಿದ್ದ. ಕಂಬ ಹತ್ತು ಅಂತ ನಾನು ಹೇಳಲೇ ಇಲ್ಲ. ಪೊಲೀಸರಿಗೂ ಅದನ್ನೇ ಹೇಳಿದ್ದೇನೆ.”

ಅವತ್ತು ಅವರ ಫೋನ್ ಬಂದು ಭವಿತ್ ಅರ್ಧ ಊಟದಲ್ಲಿ ಎದ್ದಿದ್ದ. ಅದನ್ನು ನಾನು ಠಾಣೆಯಲ್ಲಿ ಹೇಳಿದ್ದೆ. ಫೋನಿನಲ್ಲಿ ಏನು ಮಾತಾಯಿತು ಅಂತ ನಿಮಗೆ ಹೇಗೆ ಗೊತ್ತು ಎಂದು ಎಸ್‌ಐ ಕೇಳಿದ್ದರು.

“ಮತ್ತೆ ನನ್ನ ಆಫೀಸಿನ ಕಾರ್ಡು ಒಂದು ಇಲ್ಲಿ ಉಂಟಲ್ಲ? ಭವಿತ್ ಈಗ ಕೊಡ್ತೇನೆ ಅಂತ ತಂದದ್ದು. ನಾಳೆ ಚಾನೆಲ್ ಕಂಪೆನಿಯವರು ಕಾರ್ಡುಗಳ ಪರಿಶೀಲನೆಗೆ ಬರ್ತಾರೆ ಮಾರಾಯ್ತಿ.”

ಕೇಬಲ್‌ನಲ್ಲಿ ಚಾನೆಲ್‌ಗಳು ಬೀಗ ಹಾಕಿಕೊಂಡು ಬರುತ್ತವೆ. ಬಿಡಿಸಲು ಎಲ್ಲರ ಮನೆಯಲ್ಲಿ ಸೆಟ್‌ಟಾಪ್ ಬಾಕ್ಸ್, ಅದರೊಳಗೆ ಬೀಗದ ಕೈಯಂಥ ಒಂದು ಕಾರ್ಡು ಇರುತ್ತದೆ. ಭವಿತ್‌ಗೆ ಆ ಬಾಕ್ಸ್ ಕಂಡರಾಗುತ್ತಿರಲಿಲ್ಲ. ಹಳೆಯ ಕಂಪ್ಯೂಟರಿಗೆ ಕೇಬಲ್ ಜೋಡಿಸಿ, ಕಾರ್ಡು ತೂರಿಸಲು ಜಾಗ ಮಾಡಿ, ಅದರಲ್ಲೇ ಟಿವಿ ತೋರಿಸುತ್ತಿದ್ದ. ರೆಕಾರ್ಡೂ ಆಗುತ್ತಿತ್ತು.

ಕಾರ್ಡು ಎಳೆದೆ. ಪರದೆ ಕಪ್ಪಾಯಿತು.

“ಅಯ್ಯೋ, ನನ್ನ ವಾರ್ತೆ!” ಅತ್ತೆ ಕೂಗಿದರು. “ರೆಕಾರ್ಡ್ ಆದದ್ದು ಸಹ ಹೋಯ್ತಾ?”

“ಕಾರ್ಡಿಲ್ಲದೆ ಅದೂ ತೆರೆಯುದಿಲ್ಲ,” ಎಂದೆ.

“ಹಾಗಾದ್ರೆ ಇವ್ರು ಸಂಜೆ ಬರಲಿ. ಮಗನನ್ನು ತಕ್ಕೊಂಡದ್ದು ಸಾಲದಾ, ಟಿವಿಯೂ ಬೇಕಾ?”

ಕುಶಾಲಪ್ಪ ನಕ್ಕಂತೆ ಮಾಡಿ ಹೋದರು. ನಾನು ಕಾರ್ಡು ಮತ್ತೆ ತೂರಿಸಿದೆ.

ವಾರ್ತೆಯ ಚಾನೆಲ್ಲೂ ಕುಶಾಲಪ್ಪನವರದೇ. ಸಂಜೆಯದು ತಾನಾಗಿ ರೆಕಾರ್ಡ್ ಆಗುತ್ತದೆ, ಅತ್ತೆ ಮರುದಿನ ನೋಡುತ್ತಾರೆ. ಯಾರ ಮದುವೆ, ಯಾರು ತೀರಿಹೋದರು ಎಂದು. ಸಾವಾದ ಮೇಲೆ ಟಿವಿ ಹಾಕಿದ್ದು ಇವತ್ತೇ. ಬಾಕಿ ಉಳಿದದ್ದರಲ್ಲಿ ಮೊದಲನೆಯದು ಭವಿತ್ ಸತ್ತ ಸಂಜೆಯದು. ಅದನ್ನೇ ಹಾಕಿದೆ.

ಲೈನ್ ಕೆಟ್ಟಾಗ ಕುಶಾಲಪ್ಪನವರದು ಒಂದು ಕ್ರಮ. ಪರದೆಯ ಕೆಳಗೆ ಓಡುವ ಸಾಲಿನಲ್ಲಿ ಕೆಲಸದವನ ಹೆಸರು, ನಂಬರು ಹಾಕುತ್ತಾರೆ. ಗಿರಾಕಿಗಳ ಬೈಗುಳ ಆಫೀಸಿಗೆ ಬಾರದೆ ಅವನಿಗೇ ಹೋಗಲಿ ಎಂದು. ಓಡಿಹೋದ ಸಾಲನ್ನು ಯಾರೂ ನೆನಪಿಡುವುದಿಲ್ಲ. ಅವರೂ ಮರೆತಿದ್ದರು.

‘ಸಂಪಾಜೆ ಕಡೆ ಚಿತ್ರ ಒಡೆಯುತ್ತಿರುವುದರಿಂದ ನಮ್ಮ ಸಿಬ್ಬಂದಿ ಭವಿತ್ ಅವರನ್ನು ಕಂಬ ಹತ್ತಿಸಿದ್ದೇವೆ. ಕ್ರಿಕೆಟ್ ಪಂದ್ಯ ಶುರುವಾಗುವುದರೊಳಗೆ ಸರಿಯಾಗಲಿದೆ. ಅವರಿಗೇ ಫೋನ್ ಮಾಡಿ. — ಕುಶಾಲಪ್ಪ.’ ಪಕ್ಕದಲ್ಲಿ ಭವಿತ್‌ನ ನಂಬರು.

“ನಿಲ್ಸು,” ಎಂದರು ಅತ್ತೆ.

ನಿಲ್ಲಿಸಿದೆ. ಅವರು ತುಟಿ ಆಡಿಸುತ್ತ ಮತ್ತೊಮ್ಮೆ ಓದಿದರು. “ಅಳುದೆಲ್ಲ ಆಮೇಲೆ. ನೀನು ಠಾಣೆಗೆ ಹೋಗು.”

ಬೀಗ ಬಿಡಿಸಿದ ವೀಡಿಯೊವನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಇನ್ನು ಅದಕ್ಕೆ ಕಾರ್ಡು ಬೇಡ.

ಎಸ್‌ಐ ನೋಡಿದರು. ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು. “ರಜೆ ಅಂದಿದ್ದನಲ್ಲ ಆ ಮನುಷ್ಯ,” ಎಂದು ಜೀಪು ತೆಗೆಯಲು ಹೇಳಿದರು.

ಜೀಪು ಹೊರಡುವ ಮೊದಲೇ ನಾನು ಪಕ್ಕದ ಬೀದಿಯ ಕೇಬಲ್ ಆಫೀಸಿಗೆ ನಡೆದೆ. ಕುಶಾಲಪ್ಪನವರಿಗೆ ಇದನ್ನು ಬೇರೆ ಯಾರೂ ಹೇಳಬಾರದಿತ್ತು.

ಕುಶಾಲಪ್ಪ ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದರು.

“ಓ, ತಂದ್ಯಾ? ನಾನೇ ಬರ್ತಿದ್ದೆನಲ್ಲ. ವಾರ್ತೆ ನೋಡಿ ಆಯ್ತಾ ನಿನ್ನ ಅತ್ತೆಗೆ?”

“ಆಯ್ತು. ಭವಿತ್‌ನನ್ನು ಕಂಬ ಹತ್ತಿಸಿದ್ದೇವೆ ಅಂತ ನೀವು ಹಾಕಿದ್ದನ್ನೂ ಓದಿದರು. ಎಸ್‌ಐ ಸಹ ಓದಿದರು.”

ಗ್ಲಾಸು ಮೇಜಿನ ಅಂಚಿಗೆ ತಾಗಿ ಚಹಾ ಅಂಗಿಯ ಮೇಲೆ ಚೆಲ್ಲಿತು. ಅವರು ಒರೆಸಿಕೊಳ್ಳಲಿಲ್ಲ.

“ಯಶಸ್ವಿ, ಕೂತುಕೋ. ಮಾತಾಡುವ.”

ಕೂರಲಿಲ್ಲ. ಸಾಕೆನಿಸುವವರೆಗೆ ಆ ಮುಖ ನೋಡಬೇಕೆಂದಿದ್ದೆ. ಸಾಕಾಗಲಿಲ್ಲ. ಕಾರ್ಡನ್ನು ಅವರ ಅಂಗೈಯಲ್ಲಿಟ್ಟು ಹೊರಬಂದೆ.